ಶೋರ್ ಮೊದಲಾ, ಜಾರ್ದೀನಿ ಮೊದಲಾ?

ರೋಮಿನ ಬರೋಕ್ (17ನೇ ಶತಮಾನದ ಅದ್ದೂರಿ ಅಲಂಕಾರದ ಶೈಲಿ) ವಿನ್ಯಾಸಗಳನ್ನು ನೋಡಿ ಬರೆದು ಕಲಿಯಬೇಕು ಅನ್ನುವವರಿಗೆ ಇಬ್ಬರು ಒಳ್ಳೆಯ ಗುರುಗಳಿದ್ದಾರೆ.

ಯೋಹಾನ್ ಪೌಲ್ ಶೋರ್ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ ರೋಮಿಗೆ ಬಂದು ಹೆಸರಾಂತ ಶಿಲ್ಪಿ ಬರ್ನಿನಿಯ ಜೊತೆ ದುಡಿದವನು. 1663ರಲ್ಲಿ ರೋಮಿನ ಶ್ರೀಮಂತ ಕೊಲೊನ್ನಾ ಮನೆತನಕ್ಕೆ ಗಂಡುಮಗು ಹುಟ್ಟಿತು. ಬಾಣಂತಿಯನ್ನು ನೋಡಲು ಬರುವ ದೊಡ್ಡವರಿಗಾಗಿ ಅವನು ವಿನ್ಯಾಸ ಮಾಡಿದ ಮಂಚ ನೋಡಿ: ದೊಡ್ಡ ಚಿಪ್ಪು, ಅದನ್ನು ಎಳೆಯುವ ಸಮುದ್ರ ಕುದುರೆಗಳು! ಮಂಚವೋ ತೇರೋ ಗೊತ್ತಾಗೋದಿಲ್ಲ.

ಜೊವಾನ್ನಿ ಜಾರ್ದೀನಿಯ ದಾರಿ ಬೇರೆ. ಅವನು ಸ್ವತಃ ಬೆಳ್ಳಿ ಕೆಲಸದವನು. 1714ರಲ್ಲಿ ಅವನ ವಿನ್ಯಾಸಗಳು 100 ಚಿತ್ರಪುಟಗಳಾಗಿ ಅಚ್ಚಾದವು. ಚರ್ಚಿನ ಪೂಜೆಯ ದ್ರಾಕ್ಷಾರಸದ ಬಟ್ಟಲನ್ನೇ ತಗೊಳ್ಳಿ. ಪಾದ, ಕಾಂಡ, ನಡುವೆ ಹಿಡಿಯಲು ಗಂಟು, ಮೇಲೆ ಬಟ್ಟಲು. ದೇವದೂತರು, ಎಲೆ ಬಳ್ಳಿ ಎಲ್ಲವೂ ಕೆಳಗೇ ಜಾಸ್ತಿ. ಬಾಯಿಯ ಅಂಚು ಮಾತ್ರ ನುಣುಪು, ಯಾಕಂದ್ರೆ ಅಲ್ಲಿ ತುಟಿ ತಾಗಬೇಕು ಅಲ್ವಾ? ಧೂಪದ ಪಾತ್ರೆಯಲ್ಲೂ ಹಾಗೆಯೇ. ಹೊಗೆ ಹೋಗಲು ತೂತು ಬೇಕು, ಆ ತೂತೇ ಚಿತ್ತಾರವಾಗುತ್ತದೆ.

ಇನ್ನೊಂದು ವಿಷಯ. ಆ ಕಾಲದ ಎಷ್ಟೋ ವಿನ್ಯಾಸದ ಚಿತ್ರಗಳಲ್ಲಿ ಒಂದೇ ವಸ್ತುವಿಗೆ ಎಡಕ್ಕೊಂದು ಬಲಕ್ಕೊಂದು ಬೇರೆ ಅಲಂಕಾರ ಇರುತ್ತದೆ. ಅದು ತಪ್ಪಲ್ಲ. ಮಾಡಿಸುವವರು ಆರಿಸಿಕೊಳ್ಳಲಿ ಅಂತ ಬರೆದದ್ದು.

ಕೈಗೆ ಓಟ ಬೇಕಿದ್ದರೆ ಶೋರ್. ಲೋಹದಲ್ಲಿ ಮಾಡುವ ಆಸೆ ಇದ್ದರೆ ಜಾರ್ದೀನಿ. ಹೊಸಬರಿಗೆ ನಾನಂತೂ ಜಾರ್ದೀನಿಯನ್ನೇ ಹೇಳುತ್ತೇನೆ. ಮೊದಲು ಒಂದು ಬಟ್ಟಲನ್ನು ಅಲಂಕಾರ ಬಿಟ್ಟು ಬರೀ ಆಕಾರವಾಗಿ ಬರೆಯಿರಿ.