ನಾಲ್ಕು ಮಳೆಗಾಲ ಕಂಡ ರಾಸ್ಪ್‌ಬೆರಿ ಪೈ, ಜೊತೆಗೆ ಮಾವನ ಹಳೆ ಕಂಪ್ಯೂಟರು

ಕಾಸರಗೋಡಿನ ನಮ್ಮ ಬದಿಯಡ್ಕದ ಕಡೆ ಕರೆಂಟಿನ ಸಾಮಾನು ಎಷ್ಟು ವರ್ಷ ಬಂತು ಎಂದು ಕೇಳಿ ಪ್ರಯೋಜನ ಇಲ್ಲ. ಎಷ್ಟು ಮಳೆಗಾಲ ತಡೆಯಿತು ಎಂದು ಕೇಳಬೇಕು. ನನ್ನ ರಾಸ್ಪ್‌ಬೆರಿ ಪೈ 4, ಅಂದರೆ ಹಳೆ ವಿಡಿಯೋ ಗೇಮ್ ಆಡಲು ಇಟ್ಟುಕೊಂಡ ಅಂಗೈಯಗಲದ ಕಂಪ್ಯೂಟರ್ ಬೋರ್ಡು, ನಾಲ್ಕು ಮಳೆಗಾಲ ಮುಗಿಸಿದೆ. ಈಗಲೂ ಟಿವಿಯ ಹಿಂದೆ ಅಂಟಿಕೊಂಡು ದಿನಾ ಕೆಲಸ ಮಾಡುತ್ತಿದೆ.

ತರಿಸಿದ್ದು 2021ರ ಜನವರಿಯಲ್ಲಿ, 4 ಜಿಬಿಯದ್ದು. ಬೋರ್ಡು, ಅಡಾಪ್ಟರು, ಅಲ್ಯುಮಿನಿಯಂ ಡಬ್ಬಿ, ಮೆಮೊರಿ ಕಾರ್ಡು, ಎರಡು ಯುಎಸ್‌ಬಿ ಕಂಟ್ರೋಲರು, ಎಲ್ಲ ಸೇರಿ ಎಂಟು ಸಾವಿರದ ಆಸುಪಾಸು ಆಯಿತು. ಅದರಲ್ಲಿ ಹಾಕಿಕೊಂಡದ್ದು ರೆಟ್ರೋಪೈ ಎಂಬ ಹಳೆ ಗೇಮ್ ಆಡಿಸುವ ಸಾಫ್ಟ್‌ವೇರ್, ಅದಕ್ಕೆ ದುಡ್ಡಿಲ್ಲ. ಅದಕ್ಕಿಂತ ಮೊದಲು ‘ಹತ್ತು ಸಾವಿರ ಗೇಮ್’ ಎಂದು ಬರೆದಿದ್ದ ಒಂದು ರೆಡಿಮೇಡ್ ಸ್ಟಿಕ್ ತೆಗೆದುಕೊಂಡು ಮೋಸ ಹೋಗಿದ್ದೆ. ಗುಂಡಿ ಒತ್ತಿದರೆ ಮಾರಿಯೋ ಯೋಚನೆ ಮಾಡಿ ಹಾರುತ್ತಿದ್ದ. ಮೂರು ತಿಂಗಳಿಗೆ ಅದು ಸತ್ತಿತು. ಬೇಸರವೇನೂ ಆಗಲಿಲ್ಲ.

ಈ ಹುಚ್ಚು ಶುರುವಾದದ್ದು ಎರಡು ಹಳೆ ಡಬ್ಬಗಳಿಂದ. ಒಂದು, ಮಾವ 1988ರಲ್ಲಿ ಕುವೈತಿನಿಂದ ರಜೆಗೆ ಬಂದಾಗ ತಂದ ಸಖ್ರ್ ಕಂಪ್ಯೂಟರು. ಸಖ್ರ್ ಎಂದರೆ ಕುವೈತಿನ ಅಲ್ ಆಲಮಿಯಾ ಕಂಪೆನಿಯ ಬ್ರ್ಯಾಂಡು. ಜಪಾನಿನಲ್ಲಿ 1983ರಲ್ಲಿ ಶುರುವಾದ ಎಂಎಸ್‌ಎಕ್ಸ್ ಎಂಬ ಕಂಪ್ಯೂಟರ್ ಮಾದರಿಗೆ ಅವರು ಅರಬಿ ಅಕ್ಷರ ಸೇರಿಸಿ ಕೊಲ್ಲಿಯಲ್ಲಿ ಮಾರಿದರು. ಒಳಗಿರುವುದು ಝಡ್80 ಪ್ರೊಸೆಸರ್, ವೇಗ 3.58 ಮೆಗಾಹರ್ಟ್ಸ್. ಪ್ರೋಗ್ರಾಮು ಬರೆಯುವ ಬೇಸಿಕ್ ಭಾಷೆ ಮೈಕ್ರೋಸಾಫ್ಟಿನದ್ದು. ಪ್ರತಿ ಕೀಲಿಯ ಮೇಲೆ ಇಂಗ್ಲಿಷ್ ಅಕ್ಷರದ ಪಕ್ಕದಲ್ಲೇ ಅರಬಿ ಅಕ್ಷರ. ನನಗಾಗ ಹತ್ತು ವರ್ಷ. ಕನ್ನಡ ಮೀಡಿಯಂ ಶಾಲೆಯ ಹುಡುಗ. ಎರಡೂ ಅಕ್ಷರ ನನಗೆ ಹೆಚ್ಚು ಕಡಿಮೆ ಒಂದೇ ಆಗಿದ್ದವು.

ಮಾವ ಅದನ್ನು ಇಲ್ಲೇ ಬಿಟ್ಟು ವಾಪಸ್ ಹೋದರು. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿಗೆ ನುಗ್ಗಿತಲ್ಲ, ಆಗ ಅಮ್ಮಾನ್ ದಾರಿಯಾಗಿ ಉಟ್ಟ ಬಟ್ಟೆಯಲ್ಲಿ ಊರು ಸೇರಿದರು. ಅಲ್ಲಿದ್ದದ್ದೆಲ್ಲ ಹೋಯಿತು. ಇಲ್ಲಿ ಅಟ್ಟದಲ್ಲಿದ್ದ ಈ ಡಬ್ಬ ಮಾತ್ರ ಉಳಿಯಿತು.

ಇನ್ನೊಂದು, ಮಂಗಳೂರಿನ ಹಂಪನಕಟ್ಟೆಯಲ್ಲಿ 1994ರಲ್ಲಿ ಕೊಂಡ ಟಿವಿ ಗೇಮ್. ನಿಂಟೆಂಡೋ ಹೆಸರಿಲ್ಲದ, ಆದರೆ ನಿಂಟೆಂಡೋ ಗೇಮೇ ಆಡಿಸುವ ಡಬ್ಬ. ಅದಕ್ಕೆ ಹಾಕುವ ಕಾರ್ಟ್ರಿಜ್‌ಗೆ ನಾವೆಲ್ಲ ‘ಕ್ಯಾಸೆಟ್’ ಎಂದೇ ಹೇಳುತ್ತಿದ್ದದ್ದು. ನನ್ನದರ ಮೇಲೆ 9999 ಇನ್ 1 ಎಂದಿತ್ತು. ಇದ್ದದ್ದು ಏಳು ಗೇಮು. ಉಳಿದದ್ದೆಲ್ಲ ಅದೇ ಏಳು, ಬೇರೆ ಬೇರೆ ಲೆವೆಲಿನಿಂದ ಶುರು.

ಈಗ ಪೈ ವಿಷಯಕ್ಕೆ ಬರುತ್ತೇನೆ. ಎಮ್ಯುಲೇಟರ್ ಎಂದರೆ ಏನು ಎಂದು ನಮ್ಮೂರಿನವರಿಗೆ ವಿವರಿಸುವುದು ಸುಲಭ. ಒಂದು ಯಂತ್ರವನ್ನು ಇನ್ನೊಂದರ ಹಾಗೆ ನಡೆಸುವ ಸಾಫ್ಟ್‌ವೇರ್, ಅಂದರೆ ಯಕ್ಷಗಾನದ ವೇಷ. ಕಲಾವಿದ ಒಬ್ಬನೇ, ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ಎದ್ದರೆ ಒಮ್ಮೆ ನಿಂಟೆಂಡೋ, ಇನ್ನೊಮ್ಮೆ ಎಂಎಸ್‌ಎಕ್ಸ್, ಮತ್ತೊಮ್ಮೆ ಸೆಗಾ. ಪೈ 4ಕ್ಕೆ ಈ ಮೂರೂ ವೇಷ ನೀರು ಕುಡಿದಷ್ಟು ಸಲೀಸು. ಮೊದಲ ಪ್ಲೇಸ್ಟೇಷನ್ ಕೂಡ ಚೆನ್ನಾಗಿಯೇ ಓಡುತ್ತದೆ. ನಿಂಟೆಂಡೋ 64 ಕೆಲವು ಗೇಮುಗಳಲ್ಲಿ ಮುಗ್ಗರಿಸುತ್ತದೆ, ಅದಕ್ಕಾಗಿಯೇ ಪೈ 4 ಕೊಳ್ಳಬೇಡಿ.

ಮೊದಲ ದಿನವೇ ಒಂದು ವಿಚಿತ್ರ ಆಯಿತು. ಸೂಪರ್ ಮಾರಿಯೋ ಹಾಕಿದೆ. ಹಾಡು ಓಡುತ್ತಿದೆ, ಮಾರಿಯೋ ಅದಕ್ಕಿಂತ ಜೋರಾಗಿ ಓಡುತ್ತಿದ್ದಾನೆ. ಮೊದಲನೇ ಹಳ್ಳದಲ್ಲೇ ಮೂರು ಸಲ ಬಿದ್ದೆ. ಸಾಫ್ಟ್‌ವೇರ್ ಕೆಟ್ಟಿದೆ ಎಂದು ಇಡೀ ಸಂಜೆ ಸೆಟ್ಟಿಂಗ್ ಹುಡುಕಿದೆ. ಕೆಟ್ಟದ್ದು ಏನೂ ಇರಲಿಲ್ಲ. ನನ್ನ ನೆನಪೇ ನಿಧಾನದ್ದು!

ನಿಂಟೆಂಡೋ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಬಿಟ್ಟಾಗ ಅಲ್ಲಿನ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಿತ್ತು. ಗೇಮ್ ಆ ತಾಳಕ್ಕೇ ಹೆಜ್ಜೆ ಹಾಕುತ್ತದೆ. ನಮ್ಮಲ್ಲಿ ಪಾಲ್ ಎಂಬ ಪದ್ಧತಿಯ ಟಿವಿ, ಸೆಕೆಂಡಿಗೆ 50. ನಕಲಿ ಡಬ್ಬದ ಚಿಪ್ಪು ಮಾಡಿದವರು ಪ್ರೊಸೆಸರ್ ವೇಗವನ್ನು ಹೆಚ್ಚು ಕಡಿಮೆ ಅಷ್ಟೇ ಇಟ್ಟು ಚಿತ್ರವನ್ನು ಮಾತ್ರ 50ಕ್ಕೆ ಇಳಿಸಿದರು. ಹಾಗಾಗಿ ಹಾಡಿನ ಶ್ರುತಿ ಬಹುತೇಕ ಅದೇ, ಆದರೆ ತಾಳ ಆರರಲ್ಲಿ ಒಂದು ಪಾಲು ನಿಧಾನ. ನಾನು ಹುಡುಗನಾಗಿದ್ದಾಗ ಆಡಿದ್ದು ವಿಳಂಬ ಗತಿಯ ಮಾರಿಯೋ. ಜಪಾನಿನ ಹುಡುಗರು ಇದನ್ನೇ ದ್ರುತದಲ್ಲಿ ಆಡುತ್ತಿದ್ದರು ಎಂದು ಗೊತ್ತಾದದ್ದು ನಲವತ್ತು ದಾಟಿದ ಮೇಲೆ.

ಇದಕ್ಕೂ ಪೈಯಲ್ಲಿ ದಾರಿ ಇದೆ. ನಿಂಟೆಂಡೋ ಎಮ್ಯುಲೇಟರಿನ ಆಯ್ಕೆಗಳಲ್ಲಿ ‘ಡೆಂಡಿ’ ಎಂದು ಒಂದು ಬರುತ್ತದೆ. 90ರ ದಶಕದಲ್ಲಿ ರಷ್ಯಾದಲ್ಲಿ ಮಾರಾಟವಾದ ಇಂಥದ್ದೇ ನಕಲಿ ಡಬ್ಬದ ಹೆಸರು ಅದು. ಅದನ್ನು ಆರಿಸಿದೆ. ನನ್ನ ಮಾರಿಯೋ ವಾಪಸ್ ಬಂದ. ಆದರೆ 60ರ ಎಲ್‌ಇಡಿ ಟಿವಿಯಲ್ಲಿ 50ರ ಚಿತ್ರ ಹಾಕಿದರೆ ಪಕ್ಕಕ್ಕೆ ಸರಿಯುವಾಗ ಸಣ್ಣಗೆ ತಡವರಿಸುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಬಿಡುವುದಿಲ್ಲ. ಸರಿ, ಅಮ್ಮನ ಕೋಣೆಯಲ್ಲಿದ್ದ ಹಳೆ ಪಿಕ್ಚರ್ ಟ್ಯೂಬ್ ಟಿವಿಯನ್ನು ಇಳಿಸಿದೆ.

ಪೈ 4ರಲ್ಲಿ ಇಯರ್‌ಫೋನಿನ ತೂತಿನಲ್ಲೇ ಹಳೆ ಟಿವಿಗೆ ಬೇಕಾದ ವಿಡಿಯೋ ಕೂಡ ಬರುತ್ತದೆ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಆದರೆ ತಾನಾಗಿ ಬರುವುದಿಲ್ಲ, ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬರೆದು ಎಬ್ಬಿಸಬೇಕು, ಇನ್ನೊಂದು ಸಾಲಿನಲ್ಲಿ ಪಾಲ್ ಎಂದು ಹೇಳಬೇಕು. ಈ ಕೆಲಸ ಮಾಡಿದ್ದು ಅಕ್ಕನ ಮಗಳು. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ಲಿನಕ್ಸಿನಲ್ಲೇ ನಡೆಯುತ್ತದೆ, ಅವಳು ಶಾಲೆಯ ಲಿಟಲ್ ಕೈಟ್ಸ್ ಎಂಬ ಕಂಪ್ಯೂಟರ್ ಕ್ಲಬ್ಬಿನಲ್ಲೂ ಇದ್ದಳು. ನಾನು ಹೆದರುವ ಕಪ್ಪು ಪರದೆಯಲ್ಲಿ ಅವಳು ಮೊಬೈಲ್ ನೋಡಿದ ಹಾಗೆ ಓಡಾಡುತ್ತಾಳೆ.

ಎರಡೂ ಸಾಲು ಬರೆದ ಮೇಲೂ ಟಿವಿಯಲ್ಲಿ ಚಿತ್ರ ಇಲ್ಲ, ಬರೀ ಗುಂಯ್ ಎಂಬ ಸದ್ದು. ಒಂದು ಗಂಟೆ ತಲೆ ಕೆರೆದುಕೊಂಡೆವು. ಕೊನೆಗೆ ಅವಳು, “ಮಾವಾ, ಕೆಂಪು ಪಿನ್ನನ್ನು ಹಳದಿಗೆ ಹಾಕಿ ನೋಡುವಾ” ಎಂದಳು. ಹಾಕಿದೆ. ಚಿತ್ರ ಬಂತು. ಅಂಗಡಿಯಲ್ಲಿ ಸಿಗುವ ಇಂಥ ಕೇಬಲ್ಲುಗಳಲ್ಲಿ ಒಳಗಿನ ವಯರ್ ಜೋಡಣೆ ಎಲ್ಲ ಒಂದೇ ಥರ ಇರುವುದಿಲ್ಲ. ಕೊಳ್ಳುವವರು ನೆನಪಿಡಿ, ಹೊಸ ಕೇಬಲ್ ತರುವ ಮೊದಲು ಬಣ್ಣ ಮರೆತು ಪಿನ್ನು ಅದಲು ಬದಲು ಮಾಡಿ.

ಇನ್ನು ಮಳೆ. ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟು ಅತಿಥಿ ಇದ್ದ ಹಾಗೆ. ಮೊದಲ ವರ್ಷ ದುಡ್ಡು ಉಳಿಸಲು ಫೋನಿನ ಚಾರ್ಜರ್ ಹಾಕಿ ನಡೆಸಿದೆ. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಚಿಹ್ನೆ ಬರುತ್ತಿತ್ತು. ಹೊರಗೆ ಮಿಂಚು, ಒಳಗೂ ಮಿಂಚು ಎಂದು ನಗುತ್ತಿದ್ದೆ. ಅದು ತಮಾಷೆ ಅಲ್ಲ. ಬೋರ್ಡಿಗೆ ಸಿಗುವ ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದಿದೆ ಎಂಬ ಎಚ್ಚರಿಕೆ. ಪೈ 4ಕ್ಕೆ 5.1 ವೋಲ್ಟು, 3 ಆಂಪಿಯರಿನ ಅಡಾಪ್ಟರೇ ಬೇಕು. ಅದನ್ನು ಹಾಕಿದ ಮೇಲೆ ಒಳಗಿನ ಮಿಂಚು ನಿಂತಿತು. ಹೊರಗಿನದ್ದು ನಿಲ್ಲುವುದಿಲ್ಲವಲ್ಲ. ಅಕ್ಟೋಬರ್ ನವೆಂಬರಿನ ತುಲಾ ತಿಂಗಳ ಗುಡುಗಿಗೆ ಪ್ಲಗ್ಗನ್ನೇ ಕಿತ್ತಿಡುತ್ತೇನೆ. ಸ್ವಿಚ್ ಆಫ್ ಮಾಡಿದರೆ ಸಾಕು ಎನ್ನುವವರು ನಮ್ಮ ಊರಿನವರಲ್ಲ.

ಎರಡನೇ ಮಳೆಗಾಲದಲ್ಲಿ ಕಾರ್ಡು ಹೋಯಿತು. ಆಟದ ಮಧ್ಯೆ ಕರೆಂಟು ಹೋಗಿ ಬಂತು, ಹೋಗಿ ಬಂತು. ನಾಲ್ಕನೇ ಸಲಕ್ಕೆ ಪೈ ಏಳಲಿಲ್ಲ. ಕಾರ್ಡಿಗೆ ಏನೋ ಬರೆಯುತ್ತಿರುವಾಗ ವಿದ್ಯುತ್ ಕಡಿದರೆ ಫೈಲುಗಳು ಹಾಳಾಗುತ್ತವೆ. ಅಮ್ಮ ಎಂಟು ತಿಂಗಳಿನಿಂದ ಆಡಿ ಉಳಿಸಿದ್ದ ಟೆಟ್ರಿಸ್ ಸ್ಕೋರ್ ಅದರಲ್ಲಿತ್ತು. ಮಾತು ಬಿಡಲಿಲ್ಲ, ಆದರೆ ಎರಡು ದಿನ ಸಾರಿಗೆ ಉಪ್ಪು ಕಡಿಮೆ ಇತ್ತು.

ಈಗ ಮೂರು ಬದಲಾವಣೆ ಮಾಡಿದ್ದೇನೆ. ಪೈ ಮನೆಯ ಇನ್‌ವರ್ಟರಿನ ಲೈನಿನಲ್ಲಿದೆ. ಸೇವ್ ಫೈಲೆಲ್ಲ ಪೆನ್‌ಡ್ರೈವಿಗೆ ಹೋಗುತ್ತದೆ. ಮತ್ತೆ, ಗೇಮಿನಿಂದ ಹೊರಗೆ ಬಂದಾಗ ಮಾತ್ರ ಸೇವ್ ಬರೆಯುವ ಅಭ್ಯಾಸ ಎಮ್ಯುಲೇಟರುಗಳನ್ನು ನಡೆಸುವ ರೆಟ್ರೋಆರ್ಕಿಗೆ ಇತ್ತು, ಅದನ್ನು ನಿಮಿಷಕ್ಕೊಮ್ಮೆ ಬರೆಯುವ ಹಾಗೆ ಮಾಡಿದೆ. ಇಡೀ ಕಾರ್ಡಿನ ಒಂದು ನಕಲು ಲ್ಯಾಪ್‌ಟಾಪಿನಲ್ಲಿದೆ. ಅದಾದ ಮೇಲೆ ಏನೂ ಕಳೆದುಕೊಂಡಿಲ್ಲ.

ಹಳೆ ಡಬ್ಬಗಳು ಮಳೆಗಾಲದಲ್ಲಿ ಹೊರಗೆ ಬರುವುದೇ ಇಲ್ಲ. ಅಡಿಕೆಗೇ ಪೂಪು, ಅಂದರೆ ಬೂಸ್ಟು, ಹಿಡಿಯುವ ಕಾಲದಲ್ಲಿ ಕಾರ್ಟ್ರಿಜ್‌ನ ತಾಮ್ರ ಸುಮ್ನೆ ಇರುತ್ತದೆಯೇ? ಚಿಕ್ಕಂದಿನಲ್ಲಿ ಕ್ಯಾಸೆಟ್ಟಿಗೆ ಊದುತ್ತಿದ್ದೆವಲ್ಲ, ಅದು ಇನ್ನೂ ಕೆಟ್ಟದ್ದು. ಬಾಯಿಯ ತೇವ ಒಳಗೆ ಹೋಗಿ ಕಿಲುಬು ಹಿಡಿಸುತ್ತದೆ. ಕಿತ್ತು ಮತ್ತೆ ಹಾಕಿದ್ದರಿಂದ ಗೇಮ್ ಬರುತ್ತಿತ್ತೇ ಹೊರತು ಊದಿದ್ದರಿಂದ ಅಲ್ಲ. ಈಗ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿ ಅದ್ದಿ ಒರೆಸುತ್ತೇನೆ. ಮೇ ಕೊನೆಗೆ ಎರಡನ್ನೂ ಗಾಳಿಯಾಡದ ಅಕ್ಕಿ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟರೆ, ತೆಗೆಯುವುದು ಡಿಸೆಂಬರಿನಲ್ಲಿ. ಒಂದು ವರ್ಷ ಹೀಗೆ ಮಾಡಲು ಮರೆತೆ. ಸಖ್ರ್‌ನ ಸ್ಲಾಟಿನೊಳಗೆ ಇರುವೆ ಸಂಸಾರ ಹೂಡಿತ್ತು, ಮೊಟ್ಟೆ ಸಮೇತ.

ಅದನ್ನು ಪೇಟೆಯ ಟಿವಿ ರಿಪೇರಿಯವರ ಹತ್ತಿರ ಒಯ್ದಾಗ ಅವರು ಅರಬಿ ಕೀಲಿ ನೋಡಿ, “ಇದು ಎಂಥದು ಮಾರಾಯ್ರೆ, ಕುರ್‌ಆನ್ ಓದುವ ಮಿಷನಾ?” ಎಂದರು. ಆದರೆ ಕೈ ಒಳ್ಳೆಯದು. ಉಬ್ಬಿದ ಕೆಪಾಸಿಟರ್ ಬದಲಿಸಿದರು. ಟಿವಿ ಗೇಮಿನ 7805 ರೆಗ್ಯುಲೇಟರಿಗೆ ದೊಡ್ಡ ಹೀಟ್‌ಸಿಂಕ್ ಹಾಕಿ ಕೊಟ್ಟರು. 9 ವೋಲ್ಟನ್ನು 5ಕ್ಕೆ ಇಳಿಸುವ ಆ ಪುಟ್ಟ ಸಾಮಾನು ಉಳಿದ 4 ವೋಲ್ಟನ್ನು ಬರೀ ಬಿಸಿಯಾಗಿ ಉಗುಳುತ್ತದೆ. ಬೇಸಗೆಯಲ್ಲಿ ಅದನ್ನು ಮುಟ್ಟಿದರೆ ಬೆರಳು ಸುಡುತ್ತಿತ್ತು.

ಪೈ ನನಗೆ ನಿಜವಾಗಿ ದುಡ್ಡು ವಸೂಲಿ ಮಾಡಿಕೊಟ್ಟದ್ದು ಕಳೆದ ಜುಲೈಯಲ್ಲಿ. ಮಾವನ ಹಳೆ ಕ್ಯಾಸೆಟ್, ಇದು ನಿಜವಾದ ಟೇಪಿನ ಕ್ಯಾಸೆಟ್, ಒಂದು ಬಿಸ್ಕತ್ ಡಬ್ಬದಲ್ಲಿ ಸಿಕ್ಕಿತು. ಟೇಪಿನ ಅಂಚಿನಲ್ಲಿ ಬಿಳಿ ಪೂಪು. ನಿಧಾನ ಒರೆಸಿ, ಟೇಪ್‌ರೆಕಾರ್ಡರಿನ ಬೆಲ್ಟು ಬದಲಿಸಿ, ಅದರಲ್ಲಿ ಸದ್ದಾಗಿ ಅಡಗಿದ್ದ ಪ್ರೋಗ್ರಾಮಿನ ಕಿರುಚಾಟವನ್ನು ಲ್ಯಾಪ್‌ಟಾಪಿಗೆ ವೇವ್ ಫೈಲಾಗಿ ರೆಕಾರ್ಡ್ ಮಾಡಿದೆ. ರೆಟ್ರೋಪೈಯಲ್ಲಿ ಓಪನ್‌ಎಂಎಸ್‌ಎಕ್ಸ್ ಎಂಬ ಎಮ್ಯುಲೇಟರ್ ಹಾಕಿಕೊಳ್ಳಬಹುದು. ಅದು ವೇವ್ ಫೈಲನ್ನು ನೇರ ಕ್ಯಾಸೆಟ್ ಎಂದೇ ನಂಬುತ್ತದೆ.

ಒಂದು ತೊಡಕಿತ್ತು. ಅದರ ಜೊತೆ ಉಚಿತವಾಗಿ ಬರುವ, ಯಂತ್ರವನ್ನು ಎಬ್ಬಿಸುವ ಸಾಫ್ಟ್‌ವೇರ್ ಆದ ಸಿ-ಬಯೋಸ್‌ನಲ್ಲಿ ಕಾರ್ಟ್ರಿಜ್ ಗೇಮ್ ಓಡುತ್ತದೆ, ಆದರೆ ಬೇಸಿಕ್ ಇಲ್ಲ. ಮಾವನ ಪ್ರೋಗ್ರಾಮು ಬೇಸಿಕ್‌ನದ್ದು. ಅದಕ್ಕೆ ನಮ್ಮದೇ ಸಖ್ರ್‌ನಿಂದ ಬೇಸಿಕ್ ಇರುವ 32 ಕೆಬಿ ರೋಮ್ ಚಿಪ್ಪಿನ ನಕಲನ್ನು ಹಿಂದಿನ ಬೇಸಗೆಯಲ್ಲೇ ಟೇಪಿನ ತೂತಿನಿಂದ ಹೊರಗೆ ತೆಗೆದು ಇಟ್ಟಿದ್ದೆ. ಐದು ನಿಮಿಷ ಕಿವಿ ಕೊರೆಯುವ ಸದ್ದು. ನಾಯಿ ಎದ್ದು ತೋಟಕ್ಕೆ ಹೋಯಿತು.

ಎಪ್ಪತ್ತು ದಾಟಿದ ಮಾವ ಪಕ್ಕದಲ್ಲಿ ಕುರ್ಚಿ ಹಾಕಿ ಕೂತರು. ಸಿಲೋಡ್, ಅಂದರೆ ಕ್ಯಾಸೆಟ್ಟಿನಿಂದ ಓದು ಎಂಬ ಆಜ್ಞೆ, ಒತ್ತಿದೆ. ಡಿವೈಸ್ ಐ/ಓ ಎರರ್. ವಾಲ್ಯೂಮ್ ಏರಿಸಿ ಮತ್ತೆ ರೆಕಾರ್ಡ್ ಮಾಡಿದೆ. ಮತ್ತೆ ಎರರ್. ಐದನೇ ಸಲಕ್ಕೆ ‘ಫೌಂಡ್: ದಿನಾರ್’ ಎಂದು ಬಂತು. ಓಡಿಸಿದರೆ ಒಂದೇ ಪ್ರಶ್ನೆ, ಎಷ್ಟು ದಿನಾರ್? ಮಾವ 10 ಎಂದು ಒತ್ತಿದರು. 480 ಎಂದು ಉತ್ತರ. ಊರಿಗೆ ಕಳಿಸುವ ದುಡ್ಡಿನ ಲೆಕ್ಕ ಹಾಕಲು ರಜೆಯಲ್ಲಿ ಕೂತು ಬರೆದದ್ದಂತೆ. ಈಗ ಒಂದು ದಿನಾರಿಗೆ ಅದರ ಆರು ಪಟ್ಟಿನ ಆಸುಪಾಸು. ಮಾವ ಕನ್ನಡಕ ಸರಿ ಮಾಡಿ, ಯಾರನ್ನೂ ಕೇಳದೆ, 20ನೇ ಸಾಲನ್ನು ಹೊಸ ರೇಟಿಗೆ ತಿದ್ದಿದರು. ಬೆರಳಿಗೆ ಮರೆತೇ ಇರಲಿಲ್ಲ. “ಸೇವ್ ಮಾಡುವುದು ಬೇಡ, ನಾಳೆ ಪುನಃ ಬದಲಾಗ್ತದೆ” ಎಂದು ಎದ್ದು ಹೋದರು.

ಕೊಳ್ಳುವವರಿಗೆ ಇನ್ನು ಎರಡು ಮಾತು. ಪೈ 5 ಬಂದಿದೆ, ಇನ್ನೂ ವೇಗದ್ದು. ಆದರೆ ಅದರಲ್ಲಿ ಇಯರ್‌ಫೋನಿನ ತೂತೇ ಇಲ್ಲ. ಹಳೆ ಟಿವಿಗೆ ವಿಡಿಯೋ ಬೇಕಾದರೆ ಬೋರ್ಡಿಗೆ ಬೆಸುಗೆ ಹಾಕಬೇಕು. ನನ್ನಂಥವರಿಗೆ ಪೈ 4 ಸಾಕು. ಗೇಮ್ ಫೈಲುಗಳು ರೆಟ್ರೋಪೈ ಜೊತೆ ಬರುವುದಿಲ್ಲ, ಅವುಗಳ ಹಕ್ಕು ಇನ್ನೂ ಕಂಪೆನಿಗಳದ್ದೇ. ಎಲ್ಲ ತುಂಬಿಸಿ ಕೊಡುತ್ತೇವೆ ಎನ್ನುವ ಕಾರ್ಡು ಮಾರುವವರಿಂದ ದೂರ ಇರಿ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ, ಏಕೆಂದರೆ ಅಕ್ಕನ ಮಗಳಿಲ್ಲದ ಮನೆಯಲ್ಲಿ ಇದನ್ನು ಸೆಟ್ ಮಾಡುವುದು ಸುಲಭ ಅಲ್ಲ.

ಟಿವಿ ಗೇಮಿನ ಬಾತುಕೋಳಿ ಹೊಡೆಯುವ ಬಂದೂಕು ಮಾತ್ರ ಕೆಲಸವಿಲ್ಲದೆ ಬಿದ್ದಿದೆ. ಕುದುರೆ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿನುಗುತ್ತದೆ. ಬಂದೂಕಿನ ಕಣ್ಣು ಆ ಬೆಳಕನ್ನು ಅದೇ ಕ್ಷಣ ಹಿಡಿಯಬೇಕು. ಎಲ್‌ಇಡಿ ಟಿವಿ ತಡ ಮಾಡುವುದರಿಂದ ಅದಕ್ಕೆ ಏನೂ ಕಾಣುವುದಿಲ್ಲ. ಪಿಕ್ಚರ್ ಟ್ಯೂಬೇ ಬೇಕು. ಅಮ್ಮನ ಟಿವಿಯ ಟ್ಯೂಬು ಈ ಡಿಸೆಂಬರಿನಲ್ಲಿ ಮಂಕಾಗಿದೆ, ಬಿಳಿ ಚೌಕ ಬೂದಿ ಬಣ್ಣಕ್ಕೆ ತಿರುಗಿದೆ. ಸೀತಾಂಗೋಳಿಯ ಗುಜರಿಯವರಿಗೆ ನಂಬರ್ ಕೊಟ್ಟು ಬಂದಿದ್ದೇನೆ, ಡಬ್ಬ ಟಿವಿ ಬಂದರೆ ಒಡೆಯುವ ಮೊದಲು ಫೋನ್ ಮಾಡಿ ಎಂದು.