ಕನೂ ದೋಣಿಗೆ ಮೋಟರ್ ಸೆಟ್ ತಗೊಳ್ಳೋ ಮುಂಚೆ ಬ್ಯಾಟರಿಯನ್ನ ತಕ್ಕಡಿಗೆ ಹಾಕಿ

ನದಿಯಲ್ಲಿ ಒಬ್ಬರೇ ಮೀನು ಹಿಡಿಯೋಕೆ ಕನೂ ದೋಣಿಗೆ (ಹುಟ್ಟು ಹಾಕಿ ನಡೆಸೋ ಉದ್ದನೆ, ಕಿರಿದಾದ ದೋಣಿ) ಸಣ್ಣ ಟ್ರೋಲಿಂಗ್ ಮೋಟರ್, ಅಂದ್ರೆ ಬ್ಯಾಟರಿಯಿಂದ ಓಡೋ ಪಂಕದ ಮೋಟರ್ ಹಾಕಬೇಕು ಅಂತಿರೋರು ದಯವಿಟ್ಟು ಇದನ್ನ ಓದಿ. ಮೋಟರ್, ಬ್ಯಾಟರಿ, ಬ್ರ್ಯಾಕೆಟ್, ವೈರ್ ಎಲ್ಲ ಸೇರಿಸಿ "ಕಂಪ್ಲೀಟ್ ಸೆಟ್, ಜೋಡಿಸಿದ್ರೆ ಆಯ್ತು" ಅಂತ ಆನ್‌ಲೈನಲ್ಲಿ ಮಾರೋರಿದ್ದಾರೆ. ಅಂಥ ಒಬ್ಬರ ಹತ್ತಿರ ತಗೊಂಡು ಮೋಸ ಹೋದೆ. ಬ್ಯಾಟರಿ, ಮೋಟರ್ ವಿಷಯ ಗೊತ್ತಿದ್ದೂ ಮೋಸ ಹೋದೆ, ಅದಕ್ಕೇ ಹೊಟ್ಟೆ ಉರೀತಿದೆ.

ಹೇಳಿದ್ದು ಹೀಗೆ: 12 ವೋಲ್ಟ್, 55 ಪೌಂಡ್ ಥ್ರಸ್ಟ್ (ತಳ್ಳೋ ಬಲ) ಮೋಟರ್, 100 ಆಂಪಿಯರ್ ಅವರ್ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಕೊಟ್ಟರೆ ಒಂದು ಆಂಪಿಯರ್ ಅವರ್) ಡೀಪ್ ಸೈಕಲ್ ಬ್ಯಾಟರಿ, ಅಂದ್ರೆ ಗಂಟೆಗಟ್ಟಲೆ ಕರೆಂಟ್ ಕೊಡೋಕೆ ಮಾಡಿದ್ದು, "ಆರು ಗಂಟೆ ಆರಾಮಾಗಿ ಓಡುತ್ತೆ ಸರ್". ನಾನು ಕೇಳಿದ್ದು 30 ಪೌಂಡಿನದು. "ನದಿಗೆ 30 ಸಾಲಲ್ಲ, 55 ತಗೊಳ್ಳಿ, ಸ್ಪೀಡ್ ಸಿಗುತ್ತೆ" ಅಂದರು. ಮೊದಲ ಸುಳ್ಳು ಇದು. ಟ್ರೋಲಿಂಗ್ ಮೋಟರಿನ ಪಂಕ ನಿಧಾನಕ್ಕೆ ತಳ್ಳೋಕೆ ಅಂತಲೇ ಮಾಡಿರೋದು. ಒಬ್ಬರು ಕೂತ ನಾಲ್ಕೂವರೆ ಮೀಟರ್ ದೋಣಿಗೆ 30 ಪೌಂಡ್, ಅಂದ್ರೆ ಹದಿಮೂರೂವರೆ ಕೆಜಿಯಷ್ಟು ತಳ್ಳೋ ಬಲ, ಬೇಕಾದಷ್ಟಾಯ್ತು. 55 ಹಾಕಿದರೆ ವೇಗ ಸ್ವಲ್ಪ ಏರಬಹುದು, ದುಪ್ಪಟ್ಟಂತೂ ಆಗಲ್ಲ. ಕರೆಂಟ್ ಮಾತ್ರ ಸರಿಯಾಗಿ ಎಳೆಯುತ್ತೆ: 30 ಪೌಂಡಿನದು ಫುಲ್ಲಲ್ಲಿ ಹೆಚ್ಚುಕಡಿಮೆ 30 ಆಂಪಿಯರ್ ಎಳೆದರೆ 55ರದ್ದು 50. ಇದು ನನಗೆ ಗೊತ್ತಿತ್ತು. ಆದರೂ ಹೂಂ ಅಂದೆ.

ಸೀಸದ ಡೀಪ್ ಸೈಕಲ್ ಬ್ಯಾಟರಿಯನ್ನ ಅರ್ಧ ಖಾಲಿಯಾಗೋವರೆಗೆ ಬಳಸಬಹುದು, ಅದಕ್ಕಿಂತ ಕೆಳಗಿಳಿಸಿದರೆ ಆಯಸ್ಸು ಹೋಗುತ್ತೆ. 100ರಲ್ಲಿ 50 ಆಂಪಿಯರ್ ಅವರ್ ಕೈಗೆ ಸಿಗುತ್ತೆ ಅನ್ನಿ. ಜೋರಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಕಮ್ಮಿ ಕೊಡುತ್ತೆ, ಹಾಗಾಗಿ ಫುಲ್ ಸ್ಪೀಡಲ್ಲಿ ಒಂದು ಗಂಟೆಯೂ ಪೂರ್ತಿ ಬರಲ್ಲ. "ಆರು ಗಂಟೆ" ಅನ್ನೋದು ನಿಂತ ನೀರಲ್ಲಿ, ಒಂದನೇ ನಂಬರಲ್ಲಿ ತೆವಳಿದರೆ ಬರೋ ಲೆಕ್ಕ. ನದಿಯಲ್ಲಿ ಸೆಳವು ಗಂಟೆಗೆ 3 ಕಿ.ಮೀ. ಇದ್ದು, ನೀವು ಮೇಲಕ್ಕೆ ಗಂಟೆಗೆ 2 ಕಿ.ಮೀ. ವೇಗದಲ್ಲಿ ಹೋಗಬೇಕು ಅಂದ್ರೆ ಮೋಟರ್ 5 ಕಿ.ಮೀ. ವೇಗಕ್ಕೆ ದುಡಿಯಬೇಕು. ಮಡುವಿನ ಮೇಲೆ ಗಾಳ ಬಿಟ್ಟು ನಿಂತಲ್ಲೇ ನಿಲ್ಲೋಕೂ 3 ಕಿ.ಮೀ. ದುಡಿಯಬೇಕು. ವೇಗ ದುಪ್ಪಟ್ಟಾದರೆ ಬೇಕಾಗೋ ಶಕ್ತಿ ಸುಮಾರು ಎಂಟು ಪಟ್ಟು. ಇದನ್ನ ಮಾರೋರು ಯಾರೂ ಹೇಳಲ್ಲ.

ಸೆಟ್ ಬಂತು. ಬಿಚ್ಚಿ ಬ್ಯಾಟರಿ ಎತ್ತಿದೆ. ಹಗುರ! ಒಂದೇ ಕೈಯಲ್ಲಿ ಬಂತು. ಅಲ್ಲೇ ನಿಲ್ಲಿಸಬೇಕಿತ್ತು, ಅಲ್ಲೇ ವಾಪಸ್ ಕಳಿಸಬೇಕಿತ್ತು. ಮೀಟರ್ ಹಿಡಿದರೆ 12.7 ವೋಲ್ಟ್ ತೋರಿಸ್ತು, ಅಂದ್ರೆ ಪೂರ್ತಿ ಚಾರ್ಜ್, ಸರಿ ಅಂತ ಬಿಟ್ಟೆ.

ನೀರಿಗಿಳಿದ ದಿನ ನಲವತ್ತು ನಿಮಿಷ. ಬರೀ ನಲವತ್ತು ನಿಮಿಷ. ಪಂಕದ ಸದ್ದು ಇಳೀತಾ ಬಂತು, ಆಮೇಲೆ ನಿಂತೇ ಹೋಯ್ತು. ಆಗ ದೋಣಿ ಇದ್ದದ್ದು ಹೊರಟ ಜಾಗದಿಂದ ಕೆಳಗೆ, ಸೆಳವು ಹರಿಯೋ ಕಡೆ. ಹತ್ತು ಕೆಜಿ ಮೋಟರ್, ಸತ್ತ ಬ್ಯಾಟರಿ ಎರಡನ್ನೂ ಹೊತ್ತ ದೋಣಿಯನ್ನ ಹುಟ್ಟು ಹಾಕಿ ಮೇಲಕ್ಕೆ ತರಬೇಕಾಯ್ತು. ಹುಟ್ಟು ಇಲ್ಲದೆ ಹೋಗಿದ್ದರೆ ಏನು ಗತಿ, ನೀವೇ ಯೋಚನೆ ಮಾಡಿ.

ದಡಕ್ಕೆ ಬಂದ ಮೇಲೆ ಬ್ಯಾಟರಿ ಪಕ್ಕದ ಸ್ಟಿಕರ್ ನೋಡಿದೆ. ಬಿಳಿ ಸ್ಟಿಕರ್, ಕೆಂಪಕ್ಷರದಲ್ಲಿ "ಡೀಪ್ ಸೈಕಲ್ 100". ನೆಂದು ಒಂದು ಮೂಲೆ ಎದ್ದಿತ್ತು. ಉಗುರಿಂದ ಎಳೆದೆ. ಕೆಳಗೆ ಇನ್ನೊಂದು ಸ್ಟಿಕರ್! ಅದರಲ್ಲಿ ಕಾರಿನ ಚಿತ್ರ, ಸಿಸಿಎ ಅಂತ ಮೂರಂಕಿ ಸಂಖ್ಯೆ. ಸಿಸಿಎ ಅಂದ್ರೆ ಚಳಿಯಲ್ಲಿ ಎಂಜಿನ್ ಸ್ಟಾರ್ಟ್ ಮಾಡೋಕೆ ಎಷ್ಟು ಆಂಪಿಯರ್ ಕೊಡುತ್ತೆ ಅನ್ನೋ ಅಳತೆ. ಅಂದ್ರೆ ಕಾರಿನ ಸ್ಟಾರ್ಟರ್ ಬ್ಯಾಟರಿ. ತೆಳ್ಳನೆ ಪ್ಲೇಟು, ಎರಡು ಸೆಕೆಂಡ್ ಜೋರಾಗಿ ಕೊಟ್ಟು ಮತ್ತೆ ಚಾರ್ಜ್ ಆಗೋಕೆ ಮಾಡಿದ್ದು, ಗಂಟೆಗಟ್ಟಲೆ ಬಸಿಯೋಕೆ ಅಲ್ಲವೇ ಅಲ್ಲ. ಹಾಗೆ ಬಸಿದರೆ ಕೆಲವೇ ಸಲಕ್ಕೆ ಸಾಯುತ್ತೆ. ತಕ್ಕಡಿಗೆ ಹಾಕಿದೆ: 16 ಕೆಜಿ. ನಿಜವಾದ 100 ಆಂಪಿಯರ್ ಅವರ್ ಸೀಸದ ಬ್ಯಾಟರಿ 27ರಿಂದ 30 ಕೆಜಿ ತೂಗುತ್ತೆ. ಸೀಸ ಎಲ್ಲಿ ಹೋಯ್ತು? ಅಷ್ಟು ಸೀಸ ಇರಲೇ ಇಲ್ಲ. ಆ ಸ್ಟಿಕರ್ ಅಂಚು ಹಿಡ್ಕೊಂಡು ಎಷ್ಟು ಹೊತ್ತು ಹಾಗೇ ಕೂತಿದ್ದೆನೋ ಗೊತ್ತಿಲ್ಲ.

ಇನ್ನು ಅವರ ಉತ್ತರಗಳು. ಮೊದಲನೇದು: "ನೀವು ಫುಲ್ ಸ್ಪೀಡಲ್ಲಿ ಓಡಿಸಿದ್ದೀರಿ ಸರ್." ಸ್ಪೀಡಿಗೇ ಅಂತ 55 ಕೊಡಿಸಿದ್ದು ಯಾರು?

ಎರಡನೇದು, ಮೀಟರಿನ ಫೋಟೋ ಕಳಿಸಿ "ನಾವು ಕಳಿಸುವಾಗ 12.7 ಇತ್ತು ನೋಡಿ, ಬ್ಯಾಟರಿ ಪಕ್ಕಾ." ಇದಕ್ಕೆ ಯಾರೂ ಮರುಳಾಗಬೇಡಿ. ಲೋಟ ತುಂಬಿದರೂ ತುಂಬಿದ್ದೇ, ಕೊಡ ತುಂಬಿದರೂ ತುಂಬಿದ್ದೇ. ವೋಲ್ಟೇಜ್ ಎಷ್ಟು ತುಂಬಿದೆ ಅಂತ ಹೇಳುತ್ತೆ, ಎಷ್ಟು ಹಿಡಿಸುತ್ತೆ ಅಂತ ಹೇಳಲ್ಲ.

ಸ್ಟಿಕರ್ ಫೋಟೋ ಕಳಿಸಿದೆ. ಒಂದು ದಿನ ಸುದ್ದಿಯಿಲ್ಲ. ಆಮೇಲೆ "ಡಬಲ್ ಪರ್ಪಸ್ ಬ್ಯಾಟರಿ ಸರ್ ಅದು", ಅಂದ್ರೆ ಸ್ಟಾರ್ಟಿಗೂ ಆಗುತ್ತೆ, ಗಂಟೆಗಟ್ಟಲೆ ಓಡಿಸೋಕೂ ಆಗುತ್ತೆ ಅಂತ. ತೂಕ ಕೇಳಿದರೆ "ಹೊಸ ಟೆಕ್ನಾಲಜಿ, ಹಗುರ ಇರುತ್ತೆ." ಹಗುರ ಇರೋದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 100ರದ್ದು 11ರಿಂದ 13 ಕೆಜಿ, ಅದೇ ಬೇರೆ. ಇದು ಸೀಸದ್ದೇ. ಹಾಗಂದ ಮೇಲೆ ಕೊನೇ ಉತ್ತರ: "ನೀರಿಗಿಳಿಸಿದ ಮೇಲೆ ವಾಪಸ್ ಇಲ್ಲ." ದೋಣಿ ಮೋಟರ್ ಸೆಟ್ಟನ್ನ ನೀರಿಗಿಳಿಸದೆ ಪರೀಕ್ಷೆ ಮಾಡೋದು ಹೇಗೆ? ಅದಕ್ಕೆ ಉತ್ತರ ಬರಲಿಲ್ಲ, ಬ್ಲಾಕ್ ಮಾಡಿದರು.

ಆದರೆ ನೀರಿಗಿಳಿಸದೆ ಬ್ಯಾಟರಿ ಪರೀಕ್ಷೆ ಮಾಡಬಹುದಿತ್ತು, ನಾನು ಮಾಡಲಿಲ್ಲ. ನೀವು ಮಾಡಿ. ಪೂರ್ತಿ ಚಾರ್ಜ್ ಮಾಡಿ, 12 ವೋಲ್ಟಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಹಚ್ಚಿಡಿ. ಅದು ಗಂಟೆಗೆ ನಾಲ್ಕೂವರೆ ಆಂಪಿಯರ್ ಅವರ್ ತಿನ್ನುತ್ತೆ. ನಿಜವಾದ 100ರದ್ದಾದರೆ ಹತ್ತು ಗಂಟೆ ಉರಿದ ಮೇಲೆ, ಬಲ್ಬ್ ತೆಗೆದು ಒಂದೆರಡು ಗಂಟೆ ಬಿಟ್ಟು ಅಳೆದರೆ 12.2 ವೋಲ್ಟಿನ ಆಸುಪಾಸು, ಅಂದ್ರೆ ಅರ್ಧದಷ್ಟು ಚಾರ್ಜ್ ಇರಬೇಕು. ಆಮೇಲೆ ನಾನೂ ಮಾಡಿ ನೋಡಿದೆ, ನನ್ನದು ಐದೇ ಗಂಟೆಗೆ 11.9ಕ್ಕೆ ಇಳಿದಿತ್ತು.

ಸೆಟ್ಟಿನ ಉಳಿದ ಸಾಮಾನಿನ ಹಣೆಬರಹವೂ ಅದೇ. ಬ್ಯಾಟರಿ ಮುಂತುದಿಗೆ ಇಡೋಕೆ 3 ಮೀಟರ್ ವೈರ್ ಕೊಟ್ಟಿದ್ದರು. ಮುಂದೆ ಇಡೋದು ಸರಿಯೇ, ಒಬ್ಬರೇ ಹಿಂದೆ ಕೂತು ಮೋಟರೂ ಹಿಂದೆ ಇದ್ದರೆ ದೋಣಿ ಮೂತಿ ಮೇಲೇಳುತ್ತೆ, ಗಾಳಿ ಬಂದರೆ ತಿರುಗಿಸಿಬಿಡುತ್ತೆ. (ಅವರ ವಿಡಿಯೋದಲ್ಲಿ ದೋಣಿ ನೆಟ್ಟಗೆ ಹೋಗುತ್ತೆ, ಯಾಕಂದ್ರೆ ಮುಂದೆ ಇನ್ನೊಬ್ಬರು ಕೂತಿದ್ದಾರೆ.) ಆದರೆ ಆ ವೈರ್ 2.5 ಚದರ ಮಿ.ಮೀ. ಹೋಗಿ ಬರೋ 6 ಮೀಟರಿಗೆ, 50 ಆಂಪಿಯರಲ್ಲಿ 2 ವೋಲ್ಟ್ ವೈರಲ್ಲೇ ಕರಗುತ್ತೆ, 100 ವ್ಯಾಟ್ ಬರೀ ಬಿಸಿ. ವೈರಿನ ಮೇಲಿನ ಸಿಪ್ಪೆ ಮೆತ್ತಗಾಗಿತ್ತು. 16 ಚದರ ಮಿ.ಮೀ. ಹಾಕಿದರೆ ನಷ್ಟ ಮೂರನೇ ಒಂದು ವೋಲ್ಟ್ ಅಷ್ಟೇ. ಫ್ಯೂಸ್, ಬ್ರೇಕರ್ ಒಂದೂ ಇರಲಿಲ್ಲ. ಪಂಕ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಕರೆಂಟ್ ಏರುತ್ತೆ, ಬ್ಯಾಟರಿ ಪಕ್ಕದಲ್ಲೇ ಬ್ರೇಕರ್ ಇರಲೇಬೇಕು. 30 ಪೌಂಡಿನದಕ್ಕೆ 40 ಆಂಪಿಯರಿನದು, 55ಕ್ಕೆ 60 ಆಂಪಿಯರಿನದು.

ಬ್ರ್ಯಾಕೆಟ್ಟಿನ ಬೋಲ್ಟಿಗೆ ಲಾಕ್ ನಟ್ ಇಲ್ಲ, ಮೋಟರಿನ ನಡುಕಕ್ಕೆ ಅರ್ಧ ಗಂಟೆಯಲ್ಲಿ ಸಡಿಲವಾಯ್ತು. ಏನೇ ಬ್ರ್ಯಾಕೆಟ್ ಇರಲಿ, ಮೋಟರಿಗೊಂದು ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ. ಪಂಕದ ಪಿನ್ ಸ್ಪೇರ್ ಕೊಟ್ಟಿರಲಿಲ್ಲ. ಕಲ್ಲು ಬಡಿದಾಗ ಮುರಿಯೋದೇ ಆ ಪಿನ್, ಎರಡಾದರೂ ಜೇಬಲ್ಲಿರಲಿ, ಸ್ಪ್ಯಾನರ್ ಜೊತೆಗೆ. ಪಂಕದ ಹಿಂದೆ ಗಾಳದ ದಾರ ಸುತ್ತಿದೆಯಾ ಅಂತ ಪ್ರತಿ ಸಲ ಬಿಚ್ಚಿ ನೋಡಿ, ಅದು ಸೀಲ್ ಕೊಯ್ದು ಮೋಟರೊಳಗೆ ನೀರು ಬಿಡುತ್ತೆ.

ಮೊದಲು ಸೆಳವಿಗೆ ಎದುರಾಗಿ ಹೋಗಿ, ಬರುವಾಗ ತೇಲಿಕೊಂಡು ಬನ್ನಿ. ಲೈಫ್ ಜಾಕೆಟ್ ಹಾಕಿ, ಹುಟ್ಟು ಬಿಡಬೇಡಿ, ಬ್ಯಾಟರಿಗೆ ಬೆಲ್ಟ್ ಬಿಗಿಯಿರಿ. ಸೆಟ್ ತಗೋಬೇಡಿ, ಬಿಡಿಬಿಡಿಯಾಗಿ ತಗೊಳ್ಳಿ, ಬ್ಯಾಟರಿಯನ್ನ ಕಣ್ಣೆದುರು ತೂಗಿಸಿ ತಗೊಳ್ಳಿ.

ಆ ಜಾಹೀರಾತು ಇನ್ನೂ ಹಾಗೇ ಇದೆ. ಅದೇ ಬಿಳಿ ಸ್ಟಿಕರ್, ಅದೇ ಕೆಂಪಕ್ಷರ, ಈಗ 100 ಹೋಗಿ 120 ಆಗಿದೆ. ಮೊನ್ನೆ ಗೆಳೆಯರ ನಂಬರಿಂದ "ಬ್ಯಾಟರಿ ತಕ್ಕಡಿ ಮೇಲಿಟ್ಟ ಫೋಟೋ ಕಳಿಸಿ" ಅಂತ ಕೇಳಿಸಿದೆ. ಮೆಸೇಜ್ ನೋಡಿದ್ದಾರೆ, ಫೋಟೋ ಮಾತ್ರ ಬಂದಿಲ್ಲ.