‘ಶಾಂತ ಸ್ವಭಾವ’ ಎಂಬ ಚೀಟಿಯನ್ನು ನಂಬಿ ವಯಸ್ಸಾದ ಮೊಲವನ್ನು ಮನೆಗೆ ತರುವವರಿಗೆ

ಪ್ರಾಣಿಗಳ ಆಶ್ರಯ ಕೇಂದ್ರವೊಂದರಿಂದ ವಯಸ್ಸಾದ ಹೆಣ್ಣು ಮೊಲವೊಂದನ್ನು ದತ್ತು ತಂದು, ಆರು ವಾರ ಕಳೆಯುವುದರೊಳಗೆ ಅದನ್ನು ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದವನು ನಾನು. ಅದರಲ್ಲಿ ಕೇಂದ್ರದವರ ಪಾಲು ಇದೆ, ಮೊದಲು ನೋಡಿದ ವೈದ್ಯರ ಪಾಲು ಇದೆ, ನನ್ನದು ಎರಡಕ್ಕಿಂತಲೂ ಹೆಚ್ಚಾಗಿದೆ. ಗೂಡಿನ ಮೇಲೆ ಅಂಟಿಸಿದ್ದ ಚೀಟಿಯಲ್ಲಿ ‘ಹೆಣ್ಣು, ಸುಮಾರು ಆರು ವರ್ಷ, ಶಾಂತ ಸ್ವಭಾವ, ಮೊದಲ ಬಾರಿ ಸಾಕುವವರಿಗೂ ಸೂಕ್ತ’ ಎಂದು ಬರೆದಿತ್ತು. ಆ ‘ಶಾಂತ’ ಎಂಬ ಒಂದು ಪದವನ್ನು ಓದಿಯೇ ನಾನು ಅದನ್ನು ಆರಿಸಿಕೊಂಡೆ.

ಅಂದು ಕಣ್ಣಾರೆ ಕಂಡದ್ದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಮೊಲ ಬೆನ್ನು ಗೂನಾಗಿಸಿಕೊಂಡು, ಕಣ್ಣುಗಳನ್ನು ಅರೆ ಮುಚ್ಚಿ, ಗೂಡಿನ ಒಂದು ಮೂಲೆಯಲ್ಲಿ ಕುಳಿತಿತ್ತು. ಎತ್ತಿಕೊಂಡಾಗ ಕೊಸರಾಡಲಿಲ್ಲ. ಗಲ್ಲದ ಕೆಳಗಿನ ಕೂದಲು ತೇವವಾಗಿ ಗಂಟುಗಟ್ಟಿತ್ತು. ಕೇಳಿದ್ದಕ್ಕೆ, ನೀರಿನ ಬಟ್ಟಲಿಗೆ ಮುಖ ಅದ್ದುವ ಅಭ್ಯಾಸ ಎಂದು ಅಲ್ಲಿನ ಸಿಬ್ಬಂದಿ ಹೇಳಿದರು, ನಾನು ತಲೆಯಾಡಿಸಿದೆ. ಮೊಲ ಬೇಟೆಗೆ ಬಲಿಯಾಗುವ ಪ್ರಾಣಿ. ನೋವನ್ನು ಹೊರಗೆ ತೋರಿಸಿದರೆ ಉಳಿಗಾಲವಿಲ್ಲ ಎಂಬುದು ಅದರ ರಕ್ತದಲ್ಲಿಯೇ ಇದೆ. ನಾಯಿಯಂತೆ ಕುಂಯ್‌ಗುಟ್ಟುವುದಿಲ್ಲ, ಬೆಕ್ಕಿನಂತೆ ಗುರುಗುಟ್ಟಿ ಎಚ್ಚರಿಸುವುದೂ ಅಪರೂಪ. ಅದು ಸುಮ್ಮನಾಗುತ್ತದೆ, ಅಷ್ಟೇ. ನಾನು ಸ್ವಭಾವವೆಂದು ತಿಳಿದದ್ದು ಬಾಯಿ ಹುಣ್ಣಿನ ಮತ್ತು ಬೆನ್ನುಮೂಳೆಯ ನೋವಾಗಿತ್ತು.

ಕೇಂದ್ರದವರು ಕೊಟ್ಟ ಒಂದು ಪುಟದ ಆರೋಗ್ಯ ಪತ್ರದಲ್ಲಿ ತೂಕ 2 ಕಿಲೋ, ಕಿವಿ ಸ್ವಚ್ಛ, ಹಲ್ಲು ಸರಿಯಿದೆ ಎಂದು ಬರೆದಿತ್ತು. ಈ ‘ಹಲ್ಲು ಸರಿಯಿದೆ’ ಎಂಬ ಮಾತನ್ನು ಯಾರೂ ಹಾಗೆಯೇ ಒಪ್ಪಿಕೊಳ್ಳಬಾರದು. ಮೊಲಕ್ಕೆ ಒಟ್ಟು 28 ಹಲ್ಲುಗಳು. ತುಟಿ ಬಿಡಿಸಿ ನೋಡಿದರೆ ಕಾಣುವುದು ಮುಂದಿನ 6 ಬಾಚಿಹಲ್ಲುಗಳು ಮಾತ್ರ. ಉಳಿದ 22 ದವಡೆಹಲ್ಲುಗಳು ಕಿರಿದಾದ ಬಾಯಿಯ ಆಳದಲ್ಲಿರುವುದರಿಂದ ದೀಪವಿರುವ ಉಪಕರಣವನ್ನು ಬಾಯೊಳಗೆ ಇಳಿಸಿ ನೋಡಬೇಕು, ಕೆಲವೊಮ್ಮೆ ಅರಿವಳಿಕೆ ಕೊಟ್ಟ ಮೇಲೆಯೇ ಪೂರ್ತಿ ಕಾಣುತ್ತವೆ. ಈ ಎಲ್ಲ ಹಲ್ಲುಗಳೂ ಜೀವನವಿಡೀ ಬೆಳೆಯುತ್ತಲೇ ಇರುತ್ತವೆ, ಒರಟಾದ ಒಣಹುಲ್ಲನ್ನು ದಿನವಿಡೀ ಅಗಿಯುವುದರಿಂದ ಸವೆಯುತ್ತಲೂ ಇರುತ್ತವೆ. ಸವೆತ ತಪ್ಪಿದರೆ ಅಂಚಿನಲ್ಲಿ ಮುಳ್ಳಿನಂತಹ ಚೂಪು ಮೊನೆಗಳು ಮೂಡಿ, ಕೆಳಗಿನವು ನಾಲಿಗೆಯನ್ನೂ ಮೇಲಿನವು ಕೆನ್ನೆಯ ಒಳಭಾಗವನ್ನೂ ಕೊರೆಯತೊಡಗುತ್ತವೆ. ಕೇಂದ್ರದ ಗೂಡಿನಲ್ಲಿ ಬಟ್ಟಲು ತುಂಬ ಪೆಲೆಟ್, ಅಂದರೆ ಪುಡಿಯನ್ನು ಒತ್ತಿ ಮಾಡಿದ ಸಿದ್ಧ ಆಹಾರದ ತುಣುಕುಗಳು, ಇತ್ತು, ಒಣಹುಲ್ಲು ಹಾಸಿಗೆಯಾಗಿ ಮಾತ್ರ ಬಿದ್ದಿತ್ತು. ಅದನ್ನೂ ನೋಡಿದ್ದೆ.

ಮನೆಗೆ ಬಂದ ಮೇಲೆ ನಾವು ಅದನ್ನು ಅಜ್ಜಿ ಎಂದು ಕರೆಯತೊಡಗಿದೆವು. ಅಜ್ಜಿ ಒಣಹುಲ್ಲಿನ ರಾಶಿಯ ಬಳಿ ಆಸೆಯಿಂದಲೇ ಹೋಗುತ್ತಿತ್ತು. ಒಂದು ಎಳೆಯನ್ನು ಆರಿಸಿ ಬಾಯಿಗೆ ತೆಗೆದುಕೊಂಡು, ಎರಡು ಮೂರು ಬಾರಿ ಅಗಿದು, ತಲೆಯನ್ನು ಸ್ವಲ್ಪ ಓರೆ ಮಾಡಿ, ಅರ್ಧ ಒದ್ದೆಯಾದ ಆ ಎಳೆಯನ್ನು ಹಾಗೆಯೇ ಕೆಳಗೆ ಬೀಳಿಸಿ ಸುಮ್ಮನೆ ನಿಲ್ಲುತ್ತಿತ್ತು. ಸೊಪ್ಪಿನ ಎಲೆಗಳನ್ನು ತಿಂದು ದಂಟನ್ನು ಬಿಡುತ್ತಿತ್ತು. ರುಚಿ ಹತ್ತಿದ ಮುದಿ ಪ್ರಾಣಿ ಎಂದು ನಕ್ಕು, ಪೆಲೆಟ್ಟನ್ನು ಇನ್ನಷ್ಟು ಹಾಕಿದೆ. ಮಲಮೂತ್ರಕ್ಕೆಂದು ಇಟ್ಟಿದ್ದ ಲಿಟರ್ ಟ್ರೇಯ ಪಕ್ಕದಲ್ಲಿಯೇ, ಅಂಚಿಗೆ ಒತ್ತಿಕೊಂಡು, ನೆಲದ ಮೇಲೆ ಮೂತ್ರ ಮಾಡುತ್ತಿತ್ತು. ಕಲಿಸಿದವರು ಸರಿಯಾಗಿ ಕಲಿಸಿಲ್ಲ ಎಂದುಕೊಂಡೆನೇ ಹೊರತು, ಆ ಟ್ರೇಯ ಅಂಚು ಅದರ ಸೊಂಟಕ್ಕೆ ಎತ್ತರವಾಯಿತೇನೋ ಎಂದು ಒಮ್ಮೆಯೂ ಹೊಳೆಯಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಅಜ್ಜಿಯ ಹಿಂಭಾಗದ ಕೂದಲಿಗೆ ಮೆತ್ತನೆಯ, ಕಪ್ಪಗಿನ ಮಲ ಅಂಟಿರುತ್ತಿತ್ತು. ಭೇದಿಯೆಂದು ಭಾವಿಸಿ ಸೊಪ್ಪು ನಿಲ್ಲಿಸಿದೆ, ಎರಡು ಬಾರಿ ಸ್ನಾನವನ್ನೂ ಮಾಡಿಸಿದೆ. ಅದು ಭೇದಿಯಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗಟ್ಟಿಯಾದ ದುಂಡು ಹಿಕ್ಕೆ ಒಂದು, ದೊಡ್ಡ ಕರುಳಿನ ಅಂಧಾಂತ್ರ ಎಂಬ ಚೀಲದಂತಹ ಭಾಗದಲ್ಲಿ ಹುದುಗು ಬಂದು ಹೊರಬೀಳುವ, ಗೊಂಚಲಿನಂತಹ ಮೆತ್ತನೆಯದು ಇನ್ನೊಂದು. ಈ ಎರಡನೆಯದನ್ನು ಅದು ನೇರವಾಗಿ ಬಾಯಿ ಹಾಕಿ ತಿನ್ನಲೇಬೇಕು, ಏಕೆಂದರೆ ಅದರಲ್ಲಿ ಪ್ರೋಟೀನು ಮತ್ತು ಬಿ ಗುಂಪಿನ ಜೀವಸತ್ವಗಳಿರುತ್ತವೆ. ಬೆನ್ನುಮೂಳೆ ಬಿಗಿದ ಮುದಿ ಮೊಲಕ್ಕೆ ಅಷ್ಟು ಬಾಗಲು ಆಗುವುದಿಲ್ಲ, ಹೀಗಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ನೊಣ ಕುಳಿತು ಮೊಟ್ಟೆಯಿಟ್ಟರೆ ಒಂದೇ ದಿನದೊಳಗೆ ಹುಳುವಾಗಿ ಚರ್ಮವನ್ನು ಕೊರೆಯುತ್ತವೆ. ಇನ್ನು ಸ್ನಾನ ಮೊಲಕ್ಕೆ ಎಂದೂ ಸಲ್ಲದು: ಹೆದರಿಕೆಯಿಂದ ಒದ್ದಾಡಿ ಬೆನ್ನು ಮುರಿದುಕೊಳ್ಳಬಹುದು, ಒದ್ದೆ ತುಪ್ಪಳದಲ್ಲಿ ಮೈ ತಣ್ಣಗಾಗಬಹುದು. ಕೊಳೆಯಾದ ಜಾಗವನ್ನಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಪೂರ್ತಿ ಒಣಗಿಸಿದರೆ ಸಾಕು.

ಆರನೆಯ ವಾರ ಹಿಕ್ಕೆಗಳು ಕಡಲೆಕಾಳಿನ ಗಾತ್ರದಿಂದ ಮೆಣಸಿನ ಕಾಳಿನ ಗಾತ್ರಕ್ಕೆ ಇಳಿದವು. ಒಂದು ಸಂಜೆ ಅಜ್ಜಿ ಪೆಲೆಟ್ಟನ್ನೂ ಮುಟ್ಟಲಿಲ್ಲ. ಬೆಳಗ್ಗೆ ನೋಡೋಣ ಎಂದು ಮಲಗಿದೆ. ಬೆಳಗ್ಗೆ ಟ್ರೇಯಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ, ಹತ್ತಿರ ಹೋದರೆ ಹಲ್ಲು ಕಡಿಯುವ ಸದ್ದು ಕೇಳಿಸುತ್ತಿತ್ತು. ಮೊಲ ಹತ್ತು ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಕರುಳಿನ ಚಲನೆ ನಿಂತಿದೆ ಎಂದೇ ಅರ್ಥ, ಅದು ರಾತ್ರಿಯಾದರೂ ವೈದ್ಯರ ಬಾಗಿಲು ತಟ್ಟಬೇಕಾದ ತುರ್ತು. ಆ ಹನ್ನೆರಡು ಗಂಟೆಗಳನ್ನು ನಾನು ನಿದ್ದೆಯಲ್ಲಿ ಕಳೆದಿದ್ದೆ.

ಗಾಬರಿಯಲ್ಲಿ ನಾಯಿ ಬೆಕ್ಕುಗಳನ್ನು ನೋಡುವ ಹತ್ತಿರದ ವೈದ್ಯರಲ್ಲಿಗೆ ಓಡಿದೆ. ಅವರು ಸೋಂಕಿರಬಹುದೆಂದು ಬಾಯಿಗೆ ಹಾಕುವ ಅಮಾಕ್ಸಿಸಿಲಿನ್ ದ್ರವ ಬರೆದುಕೊಟ್ಟರು, ಎರಡು ಬಾರಿ ಕುಡಿಸಿಯೂ ಬಿಟ್ಟೆ. ಅದು ಪೆನಿಸಿಲಿನ್ ಗುಂಪಿನದು. ಆ ಗುಂಪಿನ ಔಷಧವನ್ನು ಮೊಲಕ್ಕೆ ಬಾಯಿಯ ಮೂಲಕ ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು, ವಿಷ ಸ್ರವಿಸುವ ಬ್ಯಾಕ್ಟೀರಿಯಾಗಳು ಹೆಚ್ಚಿ, ಕೆಲವೇ ದಿನಗಳಲ್ಲಿ ಪ್ರಾಣ ಹೋಗಬಹುದು. ನಾಯಿಗಳ ಮೈಯ ಉಣ್ಣೆಹುಳುಗಳನ್ನು ಕೊಲ್ಲಲು ಬಳಸುವ ಫಿಪ್ರೊನಿಲ್ ಕೂಡ ಮೊಲಕ್ಕೆ ಅಪಾಯಕಾರಿ. ಆ ವೈದ್ಯರು ಕೆಟ್ಟವರಲ್ಲ, ಮೊಲ ಅವರ ಕ್ಷೇತ್ರವಾಗಿರಲಿಲ್ಲ. ‘ನೀವು ಮೊಲಗಳಿಗೆ ಚಿಕಿತ್ಸೆ ಮಾಡಿದ್ದೀರಾ’ ಎಂದು ಕೇಳಬೇಕಾದವನು ನಾನು.

ಎರಡನೆಯ ದಿನ ಮೊಲಗಳನ್ನು ಬಲ್ಲ ವೈದ್ಯೆಯೊಬ್ಬರು ಸಿಕ್ಕಿದರು. ಅವರು ಮೊದಲು ಆ ಔಷಧ ನಿಲ್ಲಿಸಿದರು, ಚರ್ಮದಡಿಗೆ ದ್ರವ ಕೊಟ್ಟರು, ನೋವುನಿವಾರಕ ಹಾಕಿದರು. ನಾವು ಮೂರು ಗಂಟೆಗೊಮ್ಮೆ ಸಿರಿಂಜಿನಿಂದ ನಾರಿನ ಪುಡಿ ಕಲಸಿದ ಗಂಜಿಯನ್ನು ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಕೊಟ್ಟೆವು. ಐದನೆಯ ದಿನ ಅರಿವಳಿಕೆ ಕೊಟ್ಟು ಬಾಯಿ ತೆರೆದಾಗ ನಾಲಿಗೆಯ ಎಡಬದಿಯಲ್ಲಿ ಹಲ್ಲಿನ ಮೊನೆ ಕೊರೆದ ಗಾಯವಿತ್ತು. ಎಕ್ಸ್-ರೇಯಲ್ಲಿ ಸೊಂಟದ ಬಳಿಯ ಬೆನ್ನುಮೂಳೆಗಳ ನಡುವೆ ಎಲುಬು ಸೇತುವೆಯಂತೆ ಬೆಳೆದಿತ್ತು. ಇವು ವಾರಗಳಲ್ಲಿ ಆಗುವಂಥವಲ್ಲ, ನಾನು ಚೀಟಿ ಓದುತ್ತ ನಿಂತಿದ್ದ ದಿನವೂ ಅವು ಅಲ್ಲಿದ್ದವು.

ಕೇಂದ್ರದವರನ್ನು ಕೇಳಿದಾಗ, ದವಡೆಹಲ್ಲಿನ ಪರೀಕ್ಷೆ ತಮ್ಮ ಕ್ರಮದಲ್ಲಿಲ್ಲ ಎಂದರು. ಹಠ ಹಿಡಿದು ಕಡತ ತೆಗೆಸಿ ನೋಡಿದರೆ, ಹಿಂದಿನ ಮಾಲೀಕರು ಬಿಟ್ಟುಹೋಗುವಾಗ ತುಂಬಿದ ಹಾಳೆಯಲ್ಲಿ ‘ಇತ್ತೀಚೆಗೆ ಹುಲ್ಲು ತಿನ್ನುತ್ತಿಲ್ಲ’ ಎಂಬ ಸಾಲು ಇತ್ತು. ಆ ಹಾಳೆಯನ್ನು ಯಾರೂ ತಾವಾಗಿ ತೋರಿಸುವುದಿಲ್ಲ, ಸಹಿ ಹಾಕುವ ಮೊದಲು ಕೇಳಿ ಪಡೆದುಕೊಳ್ಳಿ. ವಯಸ್ಸಿನ ಅಂಕಿಯನ್ನೂ ನೆಚ್ಚಬೇಡಿ. ಬೆಳೆದ ಮೊಲದ ವಯಸ್ಸನ್ನು ನೋಡಿ ನಿಖರವಾಗಿ ಹೇಳಲು ವೈದ್ಯರಿಗೂ ಆಗದು. ಗೂಡಿನ ಮುಂದೆ ಅರ್ಧ ಗಂಟೆ ಕುಳಿತು ಅದು ಒಣಹುಲ್ಲು ಅಗಿದು ನುಂಗುವುದನ್ನು ಕಣ್ಣಿನಿಂದ ನೋಡಿ, ಗಲ್ಲದ ಕೆಳಗೆ ಮುಟ್ಟಿ ಜೊಲ್ಲಿನ ತೇವವಿದೆಯೇ ನೋಡಿ, ಹಿಂಗಾಲಿನ ಅಡಿಯಲ್ಲಿ ಕೂದಲು ಉದುರಿ ಹುಣ್ಣಾಗಿದೆಯೇ ನೋಡಿ. ಹೆಣ್ಣಾದರೆ ಗರ್ಭಕೋಶ ತೆಗೆಸಲಾಗಿದೆಯೇ ಎಂಬುದಕ್ಕೆ ದಾಖಲೆ ಕೇಳಿ, ಏಕೆಂದರೆ ತೆಗೆಸದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ.

ಮೊನೆಗಳನ್ನು ಉಜ್ಜಿ, ದಿನವೂ ಮೆಲಾಕ್ಸಿಕಾಮ್ ಎಂಬ ನೋವುನಿವಾರಕ ಕೊಡಲು ಆರಂಭಿಸಿದ ಮೂರನೆಯ ದಿನ, ಟ್ರೇ ಬದಲಿಸಲು ಕೈ ಚಾಚಿದೆ. ಅಜ್ಜಿ ಹಿಂಗಾಲನ್ನು ನೆಲಕ್ಕೆ ಧಡ್ ಎಂದು ಬಡಿದು, ನನ್ನ ಅಂಗಿಯ ತೋಳನ್ನು ಹಲ್ಲಿನಿಂದ ಹಿಡಿದು ಎಳೆಯಿತು. ಶಾಂತ ಸ್ವಭಾವ ಅದಕ್ಕೆ ಎಂದೂ ಇರಲಿಲ್ಲ.

ಈಗ ನೆಲಕ್ಕೆ ಕಂಬಳಿ ಹಾಸಿದ್ದೇವೆ, ಟ್ರೇಯ ಒಂದು ಅಂಚನ್ನು ಕತ್ತರಿಸಿ ತಗ್ಗಿಸಿದ್ದೇವೆ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡುತ್ತೇವೆ. 2 ಕಿಲೋ ಮೊಲದಲ್ಲಿ 100 ಗ್ರಾಂ ಇಳಿದರೆ 60 ಕಿಲೋ ಮನುಷ್ಯನಲ್ಲಿ 3 ಕಿಲೋ ಇಳಿದಂತೆ, ಬರಿಗಣ್ಣಿಗೆ ಅದು ತುಪ್ಪಳದಡಿ ಕಾಣುವುದೇ ಇಲ್ಲ. ಹಲ್ಲಿನ ಬೇರುಗಳು ಈಗಾಗಲೇ ಓರೆಯಾಗಿರುವುದರಿಂದ ಮೊನೆಗಳು ಮತ್ತೆ ಮತ್ತೆ ಬೆಳೆಯುತ್ತವೆ. ಎಂಟು ವಾರಕ್ಕೊಮ್ಮೆ ಉಜ್ಜಿಸಬೇಕು, ಪ್ರತಿ ಬಾರಿಯೂ ಮುದಿ ಜೀವಕ್ಕೆ ಅರಿವಳಿಕೆ ಕೊಡಬೇಕು. ನಿನ್ನೆ ತೂಗಿದಾಗ 1,870 ಗ್ರಾಂ ಇತ್ತು.